ನೀವು ಕೂತ ವಿಮಾನ ಯಾರದ್ದು?



2023ರ ಮೇ 2, ಮಂಗಳವಾರ. ಗೋ ಫಸ್ಟ್ ಅನ್ನೋ ವಿಮಾನ ಕಂಪನಿ ದೆಹಲಿಯ ಎನ್‌ಸಿಎಲ್‌ಟಿ ಬಾಗಿಲಿಗೆ ತಾನೇ ಹೋಗಿ, ನಮ್ಮ ಕೈಲಿ ಆಗಲ್ಲ, ದಿವಾಳಿ ಪ್ರಕ್ರಿಯೆ ಶುರು ಮಾಡಿ ಅಂತ ಅರ್ಜಿ ಕೊಟ್ಟಿತು. ಮಾರನೇ ದಿನದಿಂದ ಹಾರಾಟ ಬಂದ್. ಮೊದಲು ಎರಡು ಮೂರು ದಿನ ಅಂದ್ರು, ಆಮೇಲೆ ಇನ್ನೊಂದು ವಾರ ಅಂದ್ರು, ಆಮೇಲೆ ತಿಂಗಳು ಅಂದ್ರು. ಆ ವಿಮಾನಗಳು ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲೇ ಇಲ್ಲ. ಬೇಸಿಗೆ ರಜೆ. ಮಕ್ಕಳನ್ನು ಕರಕೊಂಡು ಊರಿಗೆ ಹೋಗೋಕೆ, ಗೋವಾ ಕಾಶ್ಮೀರ ನೋಡೋಕೆ ಅಂತ ಎರಡು ತಿಂಗಳ ಮೊದಲೇ ದುಡ್ಡು ಕಟ್ಟಿ ಟಿಕೆಟ್ ತಗೊಂಡಿದ್ದ ಜನ ಮೊಬೈಲ್ ಹಿಡಕೊಂಡು ಕೂತರು.

ಆಗ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ. ಕಂಪನಿ ಹತ್ರ 54 ವಿಮಾನ ಇದೆ ಅಲ್ವಾ? ಒಂದೆರಡು ಮಾರಿ ನಮ್ಮ ದುಡ್ಡು ವಾಪಸ್ ಕೊಡಬಾರದಾ?

ಕೊಡೋಕೆ ಆಗಲ್ಲ. ಯಾಕಂದ್ರೆ ಆ 54 ವಿಮಾನಗಳು ಗೋ ಫಸ್ಟ್‌ನದ್ದಲ್ಲ. ಬಾಡಿಗೆಗೆ ತಂದಿದ್ದವು.

ಇದು ಗೋ ಫಸ್ಟ್ ಒಂದರ ಕಥೆ ಅಂದುಕೊಳ್ಳಬೇಡಿ. ಭಾರತದಲ್ಲಿ ಹಾರುವ ಪ್ರಯಾಣಿಕ ವಿಮಾನಗಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಬಾಡಿಗೆಯವು. ಹೊರಗಡೆ ಬಣ್ಣ ನಮ್ಮ ಕಂಪನಿಯದ್ದು, ಬಾಲದ ಮೇಲೆ ಲೋಗೋ ನಮ್ಮದು, ಗಗನಸಖಿ ಹೇಳುವ ನಮಸ್ಕಾರ ನಮ್ಮದು. ಕಾಕ್‌ಪಿಟ್ ಒಳಗೆ ಮತ್ತು ಎಂಜಿನ್ ಮೇಲೆ ಮಾತ್ರ ಒಂದು ಸಣ್ಣ ಫಲಕ ಇರುತ್ತೆ. ಈ ವಿಮಾನ ಇಂಥವರ ಸ್ವತ್ತು, ಇಂಥವರಿಗೆ ಬಾಡಿಗೆಗೆ ಕೊಟ್ಟಿದೆ ಅಂತ. ಪ್ರಯಾಣಿಕನ ಕಣ್ಣಿಗೆ ಅದು ಬೀಳೋದೇ ಇಲ್ಲ. ಆ ಮಾಲೀಕರಲ್ಲಿ ದೊಡ್ಡ ಪಾಲು ಇರೋದು ಐರ್ಲೆಂಡಿನಲ್ಲಿ. ಹೌದು, ನಮ್ಮ ಕರ್ನಾಟಕಕ್ಕಿಂತ ಸಣ್ಣ ದೇಶ. 1975ರಲ್ಲಿ ಟೋನಿ ರಯಾನ್ ಅನ್ನೋ ವ್ಯಕ್ತಿ ಅಲ್ಲಿನ ಶಾನನ್ ಎಂಬಲ್ಲಿ ವಿಮಾನ ಬಾಡಿಗೆ ಕೊಡುವ ಕಂಪನಿ ಶುರು ಮಾಡಿದ. ಮುಂದೆ ರಯಾನ್ಏರ್ ಕಟ್ಟಿದ್ದೂ ಅದೇ ಮನುಷ್ಯ. ಇವತ್ತು ಜಗತ್ತಿನ ಅತಿ ದೊಡ್ಡ ವಿಮಾನ ಬಾಡಿಗೆ ಕಂಪನಿ ಏರ್‌ಕ್ಯಾಪ್‌ನ ಕಚೇರಿ ಇರೋದೂ ಡಬ್ಲಿನ್‌ನಲ್ಲೇ.

ಬಾಡಿಗೆ ಯಾಕೆ, ಸ್ವಂತಕ್ಕೆ ತಗೋಬಾರದಾ ಅಂತ ಕೇಳಬಹುದು. ಒಂದು ಹೊಸ ವಿಮಾನದ ಬೆಲೆ ನೂರಾರು ಕೋಟಿ. ಅಷ್ಟು ಬಂಡವಾಳ ಒಂದು ವಿಮಾನದಲ್ಲಿ ಹೂತುಬಿಟ್ಟರೆ ಎಣ್ಣೆಗೆ, ಸಂಬಳಕ್ಕೆ ದುಡ್ಡೆಲ್ಲಿ? ಅದಕ್ಕೆ ನಮ್ಮ ಕಂಪನಿಗಳು ಒಂದು ದಾರಿ ಹಿಡಿದವು. ನೂರಾರು ವಿಮಾನಕ್ಕೆ ಒಟ್ಟಿಗೆ ಆರ್ಡರ್ ಕೊಡೋದು, ಸಗಟು ರಿಯಾಯಿತಿ ಪಡೆಯೋದು. ವಿಮಾನ ಕೈಗೆ ಬಂದ ದಿನವೇ ಬಾಡಿಗೆ ಕಂಪನಿಗೆ ಮಾರೋದು, ಅದೇ ವಿಮಾನವನ್ನು ಅವರಿಂದಲೇ ಬಾಡಿಗೆಗೆ ತಗೊಳ್ಳೋದು. ಇಂಡಿಗೋ ಬೆಳೆದದ್ದು ಹೀಗೆ. ಇದರಲ್ಲಿ ತಪ್ಪೇನಿಲ್ಲ. ನೀವು ನಾನು ಬೆಂಗಳೂರಿನಿಂದ ಹುಬ್ಬಳ್ಳಿಗೋ ದೆಹಲಿಗೋ ಕೈಗೆಟಕುವ ದುಡ್ಡಿನಲ್ಲಿ ಹಾರುತ್ತಿದ್ದೀವಿ ಅಂದರೆ ಅದರ ಹಿಂದೆ ಈ ಬಾಡಿಗೆ ವ್ಯವಸ್ಥೆ ಇದೆ.

ಆದರೆ ಬಾಡಿಗೆ ಅಂದಮೇಲೆ ಮನೆ ಮಾಲೀಕನ ಚಿಂತೆ ಇರುತ್ತಲ್ಲ? ಬಾಡಿಗೆದಾರ ದುಡ್ಡು ಕೊಡಲಿಲ್ಲ, ಮನೆಯೂ ಬಿಡಲಿಲ್ಲ ಅಂದ್ರೆ? ಬೆಂಗಳೂರಿನ ಮಾಲೀಕರು ಈ ಭಯಕ್ಕೇ ಹತ್ತು ತಿಂಗಳ ಅಡ್ವಾನ್ಸ್ ಇಸ್ಕೋತಾ ಇದ್ದದ್ದು. ಮನೆ ಆದ್ರೂ ಇದ್ದಲ್ಲೇ ಇರುತ್ತೆ. ವಿಮಾನಕ್ಕೆ ರೆಕ್ಕೆ ಇದೆ. ಇವತ್ತು ಮುಂಬೈ, ನಾಳೆ ದುಬೈ. ಯಾವ ದೇಶದ ಕೋರ್ಟಿಗೆ ಹೋಗ್ತೀರಿ?

ಈ ತಲೆನೋವಿಗೆ ಮದ್ದು ಹುಡುಕಿ 2001ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದ ಆಯಿತು. ಅದೇ ಕೇಪ್‌ಟೌನ್ ಒಪ್ಪಂದ. ಅದರಲ್ಲಿ ಎರಡು ಮುಖ್ಯ ಸಂಗತಿ ಇವೆ. ಒಂದು, ಯಾವ ವಿಮಾನದ ಮೇಲೆ ಯಾರ ಹಕ್ಕು ಇದೆ ಅನ್ನೋದಕ್ಕೆ ಜಗತ್ತಿಗೆಲ್ಲ ಒಂದೇ ದಫ್ತರು. ನಮ್ಮ ಆರ್‌ಸಿ ಪುಸ್ತಕದಲ್ಲಿ ಬೈಕ್ ಮೇಲೆ ಇಂಥ ಬ್ಯಾಂಕಿನ ಸಾಲ ಇದೆ ಅಂತ ನಮೂದು ಇರುತ್ತಲ್ಲ, ಹಾಗೆ. ಅದೂ ಐರ್ಲೆಂಡಿನಲ್ಲೇ ಇದೆ. ಇನ್ನೊಂದು, ಇಡೇರಾ ಅಂತ ಕರೆಯುವ ಒಂದು ಪತ್ರ. ವಿಮಾನ ಬಾಡಿಗೆಗೆ ತಗೊಳ್ಳುವ ದಿನವೇ ಕಂಪನಿ ಅದಕ್ಕೆ ಸಹಿ ಹಾಕಿ ಕೊಡಬೇಕು. ನಾನು ಬಾಡಿಗೆ ಕೊಡದೇ ಹೋದರೆ ಈ ವಿಮಾನದ ನೋಂದಣಿ ರದ್ದು ಮಾಡಿ, ಹೊರದೇಶಕ್ಕೆ ಕಳಿಸಿಬಿಡಿ, ನನ್ನನ್ನು ಕೇಳೋದು ಬೇಡ ಅಂತ. ಮನೆಗೆ ಬರುವ ದಿನವೇ ಮನೆ ಖಾಲಿ ಮಾಡುವ ಪತ್ರಕ್ಕೆ ಸಹಿ ಹಾಕಿದ ಹಾಗೆ. ಒಮ್ಮೆ ಕೊಟ್ಟರೆ ವಾಪಸ್ ತಗೊಳ್ಳೋಕೂ ಬರಲ್ಲ.

ಭಾರತ 2008ರಲ್ಲಿ ಈ ಒಪ್ಪಂದಕ್ಕೆ ಸೇರಿತು. ಸೇರಿದ್ದು ಸರಿ. ಆದರೆ ನಮ್ಮ ಸಂವಿಧಾನದ ಪ್ರಕಾರ ವಿದೇಶದ ಒಪ್ಪಂದಕ್ಕೆ ಸಹಿ ಹಾಕಿದ ಮಾತ್ರಕ್ಕೆ ಅದು ಇಲ್ಲಿನ ಕಾನೂನು ಆಗಲ್ಲ. ಸಂಸತ್ತು ಕಾಯ್ದೆ ಮಾಡಬೇಕು. ಆ ಕಾಯ್ದೆ ಬಂದದ್ದು ಯಾವಾಗ ಗೊತ್ತಾ? 2025ರಲ್ಲಿ. ನಡುವೆ 17 ವರ್ಷ. 2018ರಲ್ಲಿ ಒಂದು ಕರಡು ತಯಾರಾಗಿತ್ತು, ಅದೂ ಕಡತದಲ್ಲೇ ಮಲಗಿತು.

ಆ 17 ವರ್ಷದಲ್ಲಿ ಏನೇನಾಯ್ತು ನೋಡಿ. 2012ರ ಅಕ್ಟೋಬರ್‌ನಲ್ಲಿ ನಮ್ಮ ಬೆಂಗಳೂರಿನ ಹೆಮ್ಮೆ ಅನಿಸಿಕೊಂಡಿದ್ದ ಕಿಂಗ್‌ಫಿಷರ್ ನೆಲಕ್ಕಿಳಿಯಿತು. ಸೇವಾ ತೆರಿಗೆ ಇಲಾಖೆ ನಮ್ಮ ಬಾಕಿ ಅಂತು, ವಿಮಾನ ನಿಲ್ದಾಣಗಳು ನಮ್ಮ ಬಾಕಿ ಅಂದವು, ವಿಮಾನದ ಮಾಲೀಕರು ನಮ್ಮ ವಿಮಾನ ನಮಗೆ ಕೊಡಿ ಅಂತ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿದರು. 2015ರಲ್ಲಿ ಸ್ಪೈಸ್‌ಜೆಟ್‌ಗೆ ವಿಮಾನ ಕೊಟ್ಟಿದ್ದ ಐರ್ಲೆಂಡಿನ ಕಂಪನಿಯೂ ಅದೇ ಕೋರ್ಟಿಗೆ ಬರಬೇಕಾಯ್ತು. ನೋಂದಣಿ ರದ್ದು ಮಾಡಿ ಅಂತ ಕೋರ್ಟೇ ಡಿಜಿಸಿಎಗೆ ಹೇಳಬೇಕಾಯ್ತು. 2019ರಲ್ಲಿ ಜೆಟ್ ಏರ್‌ವೇಸ್. ಅದರ ಕೊನೆ ದಿನಗಳಲ್ಲಿ ಬಾಕಿ ಬರಬೇಕಿದ್ದ ಒಂದು ಸರಕು ಸಾಗಣೆ ಸಂಸ್ಥೆ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಅವರ ದೊಡ್ಡ ಬೋಯಿಂಗನ್ನೇ ಹಿಡಿದಿಟ್ಟುಕೊಂಡಿತ್ತು.

ಇಷ್ಟಾದರೂ ದೊಡ್ಡ ಪೆಟ್ಟು ಬಿದ್ದದ್ದು ಗೋ ಫಸ್ಟ್ ವಿಷಯದಲ್ಲೇ. ಅಲ್ಲಿ ಎರಡು ಕಾನೂನು ಎದುರುಬದುರು ನಿಂತವು. ದಿವಾಳಿ ಸಂಹಿತೆ, ಅಂದ್ರೆ ಐಬಿಸಿ, ಅದರ 14ನೇ ಸೆಕ್ಷನ್ ಏನನ್ನುತ್ತೆ? ಕಂಪನಿ ದಿವಾಳಿ ಪ್ರಕ್ರಿಯೆಗೆ ಹೋದ ಮೇಲೆ ಅದರ ವಶದಲ್ಲಿರುವ ಯಾವ ಸ್ವತ್ತನ್ನೂ ಯಾರೂ ಮುಟ್ಟುವ ಹಾಗಿಲ್ಲ. ಮಾಲೀಕನೂ ಮುಟ್ಟುವ ಹಾಗಿಲ್ಲ, ಬಾಡಿಗೆ ಕೊಟ್ಟವನೂ ಮುಟ್ಟುವ ಹಾಗಿಲ್ಲ. ಉದ್ದೇಶ ಒಳ್ಳೆಯದು. ಮುಳುಗುವ ಕಂಪನಿ ಬದುಕುವ ಅವಕಾಶ ಇದ್ರೆ ಬದುಕಲಿ, ಎಲ್ಲರೂ ಒಂದೊಂದು ಇಟ್ಟಿಗೆ ಕಿತ್ತುಕೊಂಡು ಹೋಗೋದು ಬೇಡ ಅಂತ. ಮೇ 10ಕ್ಕೆ ಎನ್‌ಸಿಎಲ್‌ಟಿ ಅರ್ಜಿ ಒಪ್ಪಿಕೊಂಡಿತು. ತಡೆ ಜಾರಿಗೆ ಬಂತು. ಮಾಲೀಕರು ಇಡೇರಾ ಹಿಡಕೊಂಡು ಡಿಜಿಸಿಎ ಬಳಿ ಹೋದರೆ, ತಡೆ ಇದೆ, ನಾವೇನೂ ಮಾಡೋಕಾಗಲ್ಲ ಅನ್ನೋ ಉತ್ತರ.

ಆ ಮಳೆಗಾಲ ಪೂರ್ತಿ ವಿಮಾನಗಳು ನಿಂತಲ್ಲೇ ನಿಂತವು. ವಿಮಾನ ನಿಲ್ಲಿಸಿಟ್ಟರೆ ಕಾರಿನ ಹಾಗೆ ಧೂಳು ಹಿಡಿಯೋದಷ್ಟೇ ಅಲ್ಲ. ಎಂಜಿನ್ ಕಾಪಾಡಬೇಕು, ಚಕ್ರ ತಿರುಗಿಸಬೇಕು, ಎಲ್ಲಕ್ಕೂ ದಿನದ ಲೆಕ್ಕ ಬರೆದಿಡಬೇಕು. ದಾಖಲೆ ಇಲ್ಲದ ವಿಮಾನ ಗುಜರಿ ಲೆಕ್ಕ. ಯಾವ ಭಾಗ ಯಾವಾಗ ಬದಲಾಯಿತು ಅನ್ನೋ ಕಾಗದ ಇಲ್ಲದೇ ಹೋದರೆ ಯಾವ ದೇಶವೂ ಅದನ್ನು ಹಾರಿಸೋಕೆ ಬಿಡಲ್ಲ. ನಮ್ಮ ವಿಮಾನದಿಂದ ಬಿಡಿಭಾಗ ಕಾಣೆಯಾಗಿವೆ ಅಂತ ಮಾಲೀಕರು ದೂರಿದರು. 2023ರ ಜುಲೈನಲ್ಲಿ ದೆಹಲಿ ಹೈಕೋರ್ಟ್ ಮಧ್ಯೆ ಬಂತು. ತಿಂಗಳಿಗೆ ಎರಡು ಸಲವಾದರೂ ಮಾಲೀಕರಿಗೆ ಅವರ ವಿಮಾನ ನೋಡೋಕೆ ಬಿಡಿ, ಯಾವ ಭಾಗವನ್ನೂ ತೆಗೆಯಬೇಡಿ ಅಂತು. ತಮ್ಮದೇ ವಿಮಾನ ನೋಡೋಕೆ ಕೋರ್ಟಿನ ಅನುಮತಿ!

ಅಷ್ಟರಲ್ಲಿ ಹೊರಗಿನ ಲೋಕ ನಮ್ಮ ಕಡೆ ತಿರುಗಿ ನೋಡಿತ್ತು. ವಿಮಾನ ತಯಾರಕರು, ಬಾಡಿಗೆ ಕಂಪನಿಗಳು ಸೇರಿ ಕಟ್ಟಿಕೊಂಡ ಏವಿಯೇಷನ್ ವರ್ಕಿಂಗ್ ಗ್ರೂಪ್ ಎಂಬ ಕೂಟ ಭಾರತವನ್ನು ಎಚ್ಚರಿಕೆಯ ಪಟ್ಟಿಗೆ ಹಾಕಿತು. ಮಾತು ಅರ್ಥವಾಯ್ತಲ್ಲ? ಈ ಬೀದಿಯಲ್ಲಿ ಮನೆ ಬಾಡಿಗೆಗೆ ಕೊಡುವ ಮೊದಲು ಯೋಚಿಸಿ ಅಂತ ಬೋರ್ಡ್ ಹಾಕಿದ ಹಾಗೆ. ಆಗ ದೆಹಲಿ ಎಚ್ಚೆತ್ತಿತು. 2023ರ ಅಕ್ಟೋಬರ್ 3ಕ್ಕೆ ಕಂಪನಿ ವ್ಯವಹಾರಗಳ ಸಚಿವಾಲಯ ಅಧಿಸೂಚನೆ ಹೊರಡಿಸಿ, ಆ 14ನೇ ಸೆಕ್ಷನ್‌ನ ತಡೆ ವಿಮಾನ, ಎಂಜಿನ್, ಹೆಲಿಕಾಪ್ಟರ್‌ಗಳಿಗೆ ಅನ್ವಯಿಸಲ್ಲ ಅಂತು. 2024ರ ಏಪ್ರಿಲ್ 26ಕ್ಕೆ ದೆಹಲಿ ಹೈಕೋರ್ಟ್ ಐದು ಕೆಲಸದ ದಿನಗಳೊಳಗೆ 54 ವಿಮಾನಗಳ ನೋಂದಣಿ ರದ್ದು ಮಾಡಿ ಅಂತ ಡಿಜಿಸಿಎಗೆ ಆದೇಶಿಸಿತು. ಒಂದು ವರ್ಷಕ್ಕೆ ಆರು ದಿನ ಕಡಿಮೆ. ವಿಮಾನ ಇಲ್ಲದ ವಿಮಾನ ಕಂಪನಿಯಲ್ಲಿ ಇನ್ನೇನು ಉಳಿಯುತ್ತೆ? 2025ರ ಜನವರಿಯಲ್ಲಿ ಗೋ ಫಸ್ಟ್ ಸಮಾಪನಕ್ಕೆ ಆದೇಶ ಆಯಿತು.

ಕೊನೆಗೂ 2025ರ ಏಪ್ರಿಲ್‌ನಲ್ಲಿ ಸಂಸತ್ತು ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಿಮಾನ ವಸ್ತುಗಳಲ್ಲಿನ ಹಿತಾಸಕ್ತಿ ರಕ್ಷಣಾ ಕಾಯ್ದೆ. ಹೆಸರು ಕೇಳಿದ್ರೆ ನಿದ್ದೆ ಬರುತ್ತೆ, ನಿಜ. ಅದರ ಸಾರ ಇಷ್ಟೇ. ಕೇಪ್‌ಟೌನ್ ಒಪ್ಪಂದಕ್ಕೂ ನಮ್ಮ ಬೇರೆ ಕಾನೂನಿಗೂ ತಿಕ್ಕಾಟ ಬಂದರೆ ಒಪ್ಪಂದವೇ ಗೆಲ್ಲುತ್ತೆ. ಕಂಪನಿ ದಿವಾಳಿಯಾದರೆ ಎರಡು ತಿಂಗಳು ಗಡುವು. ಅಷ್ಟರಲ್ಲಿ ಬಾಕಿ ತೀರಿಸಬೇಕು, ಇಲ್ಲ ವಿಮಾನ ಬಿಟ್ಟುಕೊಡಬೇಕು. ನಾಗರಿಕ ವಿಮಾನಯಾನ ಸಚಿವ ರಾಮಮೋಹನ ನಾಯ್ಡು ಅವರು ಇದಕ್ಕೆ ಕೊಟ್ಟ ಕಾರಣ, ಬೇರೆ ದೇಶಗಳಿಗೆ ಹೋಲಿಸಿದರೆ ಭಾರತದಲ್ಲಿ ವಿಮಾನ ಬಾಡಿಗೆ ಶೇಕಡಾ 8ರಿಂದ 10ರಷ್ಟು ಹೆಚ್ಚು ಬೀಳ್ತಿದೆ, ಅದು ಇಳಿಯಬೇಕು ಅಂತ. ಈ ಕಾಯ್ದೆ ಬೇಕಿತ್ತು. ನಾನಂತೂ ಇದನ್ನು ಸ್ವಾಗತಿಸ್ತೀನಿ. ಆದರೆ ಬಾಡಿಗೆ ಇಳಿದರೆ ಟಿಕೆಟ್ ದರವೂ ಇಳಿಯುತ್ತಾ? ಇಳಿಸಲೇಬೇಕು ಅಂತ ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ.

ಸರಿ, ಕಾಯ್ದೆ ಇದೆ, ಇಡೇರಾ ಇದೆ, ಕೋರ್ಟ್ ಇದೆ. ಆದರೂ ವಿಮಾನ ವಾಪಸ್ ಬರಲೇ ಇಲ್ಲ ಅಂದ್ರೆ? ಆಗ ವಿಮೆಯ ಬಾಗಿಲು ತಟ್ಟಬೇಕು. ಇಲ್ಲೊಂದು ದೊಡ್ಡ ಪಾಠ ರಷ್ಯಾದಿಂದ ಬಂದಿದೆ.

2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಪಾಶ್ಚಾತ್ಯ ಕಂಪನಿಗಳ ನೂರಾರು ವಿಮಾನ ರಷ್ಯಾದ ಏರ್‌ಲೈನ್ಸ್‌ಗಳ ಬಳಿ ಬಾಡಿಗೆಗೆ ಇದ್ದವು. ಐರೋಪ್ಯ ಒಕ್ಕೂಟ ನಿರ್ಬಂಧ ಹಾಕಿ, ಮಾರ್ಚ್ 28ರೊಳಗೆ ಬಾಡಿಗೆ ಕರಾರು ಮುಗಿಸಿ ಅಂತು. ಮಾಲೀಕರು ವಿಮಾನ ಕೊಡಿ ಅಂದ್ರು. ಮಾರ್ಚ್ 10ಕ್ಕೆ ರಷ್ಯಾ ಸರ್ಕಾರ ವಿಮಾನಗಳು ದೇಶದಿಂದ ಹೊರಗೆ ಹೋಗದ ಹಾಗೆ ನಿಷೇಧ ಹಾಕಿತು. ನಾಲ್ಕು ದಿನ ಬಿಟ್ಟು, ಅವನ್ನು ರಷ್ಯಾದಲ್ಲೇ ನೋಂದಣಿ ಮಾಡಿಕೊಳ್ಳೋಕೆ ಕಾನೂನನ್ನೂ ಮಾಡಿಕೊಂಡಿತು. ರಷ್ಯಾ ಕೂಡ ಕೇಪ್‌ಟೌನ್ ಒಪ್ಪಂದದ ಸದಸ್ಯ ದೇಶ ಅನ್ನೋದು ನೆನಪಿರಲಿ.

ಮಾಲೀಕರು ವಿಮಾ ಕಂಪನಿಗಳ ಬಳಿ ಹೋದರು. ವಿಮಾ ಕಂಪನಿಗಳ ಉತ್ತರ ಕೇಳಿದರೆ ಆಸ್ಪತ್ರೆ ಬಿಲ್ ಕ್ಲೇಮಿಗೆ ಅಲೆದವರಿಗೆಲ್ಲ ಪರಿಚಿತ ಅನಿಸುತ್ತೆ. ವಿಮಾನ ಕಳೆದುಹೋಗಿಲ್ಲವಲ್ಲ, ರಷ್ಯಾದಲ್ಲಿ ಹಾರಾಡ್ತಾನೇ ಇದೆಯಲ್ಲ! ನಾಳೆ ವಾಪಸ್ ಬರಬಹುದಲ್ಲ! ಜೊತೆಗೆ ಇನ್ನೊಂದು ಜಗಳ. ವಿಮಾನಕ್ಕೆ ಎರಡು ಬಗೆಯ ವಿಮೆ ಇರುತ್ತೆ. ಅಪಘಾತ, ಬೆಂಕಿ, ಕಳವು ಇಂಥದ್ದಕ್ಕೆಲ್ಲ ಒಂದು. ಯುದ್ಧ, ಅಪಹರಣ, ಸರ್ಕಾರವೇ ವಶಪಡಿಸಿಕೊಳ್ಳೋದು, ಇಂಥದ್ದಕ್ಕೆ ಇನ್ನೊಂದು. ಇವರು ಅವರ ಕಡೆ ಕೈ ತೋರಿಸಿದರು, ಅವರು ಇವರ ಕಡೆ. ಕೇಸು ಲಂಡನ್ ಹೈಕೋರ್ಟಿಗೆ ಹೋಯಿತು. 147 ವಿಮಾನ, 16 ಎಂಜಿನ್‌ಗಳ ವ್ಯಾಜ್ಯ. 2025ರ ಜೂನ್ 11ರಂದು ನ್ಯಾಯಮೂರ್ತಿ ಬುಚರ್ ತೀರ್ಪು ಕೊಟ್ಟರು. ಮಾರ್ಚ್ 10ರ ಸರ್ಕಾರಿ ನಿಷೇಧದಿಂದಲೇ ವಿಮಾನ ಕೈತಪ್ಪಿತು, ಆದ್ದರಿಂದ ಯುದ್ಧದ ವಿಮೆ ಕೊಟ್ಟವರು ಹಣ ಕಟ್ಟಬೇಕು ಅಂತ. ಏರ್‌ಕ್ಯಾಪ್ ಒಂದಕ್ಕೇ ನೂರು ಕೋಟಿ ಡಾಲರ್‌ಗೂ ಮೇಲೆ ಸಿಕ್ಕಿತು.

ಮೂರು ವರ್ಷ ಚಿಲ್ಲರೆ. ವಿಮಾನಕ್ಕೆ ಪರಿಹಾರ ಎಷ್ಟು ಅನ್ನೋದರಲ್ಲಿ ದೊಡ್ಡ ಚರ್ಚೆ ಇರೋದಿಲ್ಲ, ಅದನ್ನು ಗಮನಿಸಿ. ವಿಮಾನದ ವಿಮೆಯಲ್ಲಿ ಸಾಮಾನ್ಯವಾಗಿ ಮೊದಲ ದಿನವೇ ಒಂದು ಮೊತ್ತ ಒಪ್ಪಿ ಬರೆದುಬಿಡ್ತಾರೆ. ವಿಮಾನ ಪೂರ್ತಿ ನಾಶವಾದರೆ ಇಷ್ಟು. ಸವಕಳಿ ಗಿವಕಳಿ ಅಂತ ಚೌಕಾಸಿ ಇಲ್ಲ. ಆ ದುಡ್ಡು ಹೋಗೋದೂ ಬಾಡಿಗೆ ತಗೊಂಡ ಏರ್‌ಲೈನ್ಸ್‌ಗಲ್ಲ, ಮಾಲೀಕನಿಗೆ.

ಒಳಗೆ ಕೂತ ಮನುಷ್ಯನಿಗೆ?

2010ರ ಮೇ 22. ಮಂಗಳೂರು. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿತ್ತು. 158 ಜನ ಸತ್ತರು, ಎಂಟು ಜನ ಉಳಿದರು. ಕಾಸರಗೋಡಿನಿಂದ ಕಾರವಾರದವರೆಗೆ ಕರಾವಳಿಯ ಎಷ್ಟು ಮನೆಗಳಲ್ಲಿ ಆ ದಿನದ ನೆನಪು ಇನ್ನೂ ಹಸಿಯಾಗಿದೆ. ಅದರ ಹಿಂದಿನ ವರ್ಷವಷ್ಟೇ ಭಾರತ ಮಾಂಟ್ರಿಯಲ್ ಒಪ್ಪಂದಕ್ಕೆ ಸೇರಿತ್ತು. ಪ್ರತಿ ಪ್ರಯಾಣಿಕನ ಕುಟುಂಬಕ್ಕೆ ಕನಿಷ್ಠ ಒಂದು ಲಕ್ಷ ಎಸ್‌ಡಿಆರ್, ಆಗಿನ ಲೆಕ್ಕದಲ್ಲಿ ಸುಮಾರು 75 ಲಕ್ಷ ರೂಪಾಯಿ ಕೊಡಲೇಬೇಕು ಅಂತ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ವಿಭಾಗೀಯ ಪೀಠ ಅದನ್ನು ಒಪ್ಪಲಿಲ್ಲ. ನಷ್ಟ ಎಷ್ಟು ಅನ್ನೋದನ್ನು ಕುಟುಂಬದವರೇ ಸಾಬೀತು ಮಾಡಬೇಕು ಅಂತು. ಅಂದ್ರೆ ಸತ್ತವನ ವಯಸ್ಸೆಷ್ಟು, ಸಂಬಳವೆಷ್ಟು, ಇನ್ನೆಷ್ಟು ವರ್ಷ ದುಡಿಯುತ್ತಿದ್ದ, ಎಲ್ಲಕ್ಕೂ ಕಾಗದ ತನ್ನಿ. ಒಂದು ಕುಟುಂಬ ಪಟ್ಟು ಬಿಡದೆ ಸುಪ್ರೀಂ ಕೋರ್ಟಿನವರೆಗೆ ಹೋಗಿ 7.64 ಕೋಟಿ ರೂಪಾಯಿ ಪರಿಹಾರ ಪಡೆಯಿತು. ಆ ತೀರ್ಪು ಬಂದದ್ದು 2020ರಲ್ಲಿ. ಲೆಕ್ಕ ಹಾಕಿ, ಹತ್ತು ವರ್ಷ. ವಿಮಾನಕ್ಕಾದರೆ ಮೊದಲೇ ಬೆಲೆ ಬರೆದಿಟ್ಟಿರುತ್ತಾರೆ.

ಈಗ ಗೋ ಫಸ್ಟ್ ಟಿಕೆಟ್ ತಗೊಂಡವರ ಹತ್ತಿರ ವಾಪಸ್ ಬರೋಣ. ದಿವಾಳಿ ಕಂಪನಿ ಮುಚ್ಚಿದಾಗ ಬಂದ ದುಡ್ಡನ್ನು ಯಾರಿಗೆ ಮೊದಲು ಕೊಡಬೇಕು ಅಂತ ಐಬಿಸಿಯ 53ನೇ ಸೆಕ್ಷನ್ ಒಂದು ಸಾಲು ಹೇಳಿದೆ. ಮೊದಲು ಪ್ರಕ್ರಿಯೆಯ ಖರ್ಚು. ಆಮೇಲೆ ಕಾರ್ಮಿಕರ 24 ತಿಂಗಳ ಬಾಕಿ ಮತ್ತು ಅಡಮಾನ ಇಟ್ಟುಕೊಂಡ ಬ್ಯಾಂಕುಗಳು, ಇಬ್ಬರೂ ಸಮಸಮ. ಆಮೇಲೆ ಉಳಿದ ನೌಕರರ 12 ತಿಂಗಳ ಸಂಬಳ. ಅದಾದ ಮೇಲೆ ಅಡಮಾನವಿಲ್ಲದ ಸಾಲಗಾರರು, ಸರ್ಕಾರದ ಬಾಕಿ. ಇದೆಲ್ಲ ಮುಗಿದ ಮೇಲೆ ಇತರೆ. ಆ ಇತರೆಯಲ್ಲಿ ನಿಂತಿರೋದು ಟಿಕೆಟ್ ತಗೊಂಡ ನೀವು. ನಿಮ್ಮ ಹಿಂದೆ ಇರೋದು ಷೇರುದಾರರು ಮಾತ್ರ. ಕಂಪನಿಯ ಅತಿ ದೊಡ್ಡ ಸ್ವತ್ತು ವಿಮಾನ, ಅದು ಈ ಲೆಕ್ಕಕ್ಕೇ ಬರಲ್ಲ. ಮಾಲೀಕ ಸಾಲಿನಲ್ಲಿ ನಿಲ್ಲದೇ ಪಕ್ಕದ ಬಾಗಿಲಿಂದ ತನ್ನ ವಿಮಾನ ತಗೊಂಡು ಹೋಗಿಯಾಗಿರುತ್ತೆ. ಅದು ಅವನದೇ, ತಗೊಂಡು ಹೋಗಲಿ.

ನೌಕರರಿಗೂ ಒಂದು ಮಾತು ಇದೆ. 2008ರಲ್ಲಿ ಕೇಪ್‌ಟೌನ್‌ಗೆ ಸೇರುವಾಗ ಭಾರತ ಒಂದು ಘೋಷಣೆ ಮಾಡಿತ್ತು. ಏರ್‌ಲೈನ್ಸ್ ನೌಕರರ ಸಂಬಳದ ಬಾಕಿಗೆ ವಿಮಾನದ ಮೇಲೆ ಮೊದಲ ಹಕ್ಕು ಇರುತ್ತೆ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಸಣ್ಣ ಅಕ್ಷರ ಓದಿ. ಕಂಪನಿ ಬಾಡಿಗೆ ಕಟ್ಟಲಿಲ್ಲ ಅಂತ ಅಧಿಕೃತವಾಗಿ ಘೋಷಣೆಯಾದ ದಿನದಿಂದ ಮುಂದಿನ ಸಂಬಳಕ್ಕೆ ಮಾತ್ರ ಆ ಹಕ್ಕು. ನಮ್ಮಲ್ಲಿ ನಡೆಯೋದು ಹೇಗೆ? ಮೊದಲು ನಿಲ್ಲೋದು ಸಂಬಳ. ಕಿಂಗ್‌ಫಿಷರ್‌ನಲ್ಲಿ ಎಂಜಿನಿಯರ್‌ಗಳು, ಪೈಲಟ್‌ಗಳು ತಿಂಗಳುಗಟ್ಟಲೆ ಸಂಬಳ ಇಲ್ಲದೆ ಕೆಲಸ ಮಾಡಿ ಕೊನೆಗೆ ಮುಷ್ಕರ ಹೂಡಿದ್ದು ನೆನಪಿದೆಯಲ್ಲ? ಬಾಡಿಗೆ ಘೋಷಣೆಗೂ ಮೊದಲಿನ ಆ ತಿಂಗಳುಗಳು ಈ ಹಕ್ಕಿನ ಹೊರಗೆ.

ಹಾಗಾದ್ರೆ ಟಿಕೆಟ್ ದುಡ್ಡಿಗೆ ದಾರಿ ಇಲ್ವಾ? ಇದೆ. ಬ್ರಿಟನ್‌ನಲ್ಲಿ ಆಟೋಲ್ ಅಂತ ಒಂದು ವ್ಯವಸ್ಥೆ ಇದೆ. ವಿಮಾನ, ಹೋಟೆಲ್ ಸೇರಿಸಿ ಪ್ರವಾಸ ಮಾರುವ ಕಂಪನಿ ಒಬ್ಬ ಪ್ರಯಾಣಿಕನ ಲೆಕ್ಕಕ್ಕೆ ಎರಡೂವರೆ ಪೌಂಡ್ ಒಂದು ನಿಧಿಗೆ ಕಟ್ಟಬೇಕು. 2019ರ ಸೆಪ್ಟೆಂಬರ್‌ನಲ್ಲಿ ಥಾಮಸ್ ಕುಕ್ ಕುಸಿದುಬಿದ್ದಾಗ ಸುಮಾರು ಒಂದೂವರೆ ಲಕ್ಷ ಜನ ಹೊರದೇಶಗಳಲ್ಲಿ ಸಿಕ್ಕಿಬಿದ್ದಿದ್ದರು. ಅಲ್ಲಿನ ವಿಮಾನಯಾನ ಪ್ರಾಧಿಕಾರ ಬೇರೆ ವಿಮಾನ ಗೊತ್ತುಮಾಡಿ ಅವರನ್ನು ಮನೆಗೆ ಕರೆತಂತು. ಬರೀ ವಿಮಾನದ ಟಿಕೆಟ್ ತಗೊಂಡವರಿಗೆ ಆಟೋಲ್ ಅಷ್ಟಾಗಿ ಅನ್ವಯಿಸಲ್ಲ, ಅದು ಪರಿಪೂರ್ಣ ಅಂತ ನಾನು ಹೇಳ್ತಿಲ್ಲ. ಆದರೆ ನಿಧಿ ಅನ್ನೋ ಯೋಚನೆ ಇದೆಯಲ್ಲ, ಅದನ್ನು ನಾವು ತರಬಹುದು. ನಮ್ಮಲ್ಲಿ ಮನೆ ಕಟ್ಟುವ ಬಿಲ್ಡರ್, ಗ್ರಾಹಕರಿಂದ ಪಡೆದ ಹಣದಲ್ಲಿ ಶೇಕಡಾ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿ ಇಡಬೇಕು ಅಂತ ರೇರಾ ಕಾಯ್ದೆ ಹೇಳುತ್ತೆ. ಅಪಾರ್ಟ್‌ಮೆಂಟಿಗೆ ಬಂದ ಬುದ್ಧಿ ವಿಮಾನದ ಟಿಕೆಟಿಗೆ ಯಾಕೆ ಬರಬಾರದು? ಮುಂದಿನ ತಿಂಗಳ ಪ್ರಯಾಣಕ್ಕೆ ಇವತ್ತು ಕಟ್ಟಿದ ದುಡ್ಡನ್ನು ಇವತ್ತೇ ಎಣ್ಣೆಗೆ ಸುರಿಯಬೇಡಿ, ಹಾರಿಸಿದ ಮೇಲೆ ತಗೊಳ್ಳಿ ಅಂತ ಒಂದು ಸಾಲಿನ ನಿಯಮ ಸಾಕು. ಏರ್‌ಲೈನ್ಸ್‌ಗಳು ಬೊಬ್ಬೆ ಹೊಡೀತಾವೆ, ನಮ್ಮ ದಿನದ ವ್ಯವಹಾರವೇ ಆ ದುಡ್ಡಿನ ಮೇಲೆ ನಡೆಯುತ್ತೆ ಅಂತ. ಅಲ್ಲೇ ಗೊತ್ತಾಗುತ್ತೆ ಅಲ್ವಾ, ಬಡ್ಡಿಯಿಲ್ಲದೆ ಸಾಲ ಕೊಡ್ತಾ ಇರೋದು ಯಾರು ಅಂತ.

ವಿಮಾನದ ಮಾಲೀಕನ ಹಿಂದೆ ಡಬ್ಲಿನ್ ಇದೆ, ಲಂಡನ್ನಿನ ವಕೀಲರಿದ್ದಾರೆ, ಎಚ್ಚರಿಕೆಯ ಪಟ್ಟಿ ಹಾಕುವ ಕೂಟ ಇದೆ. ಅವರು ಕೇಳಿದರು, 17 ವರ್ಷ ತಡವಾದರೂ ಕಾಯ್ದೆ ಬಂತು. ಟಿಕೆಟ್ ತಗೊಂಡವನ ಹಿಂದೆ ಯಾರಿದ್ದಾರೆ? ಈಗಿನ ಮಟ್ಟಿಗೆ ಅವನ ಕ್ರೆಡಿಟ್ ಕಾರ್ಡ್ ಬ್ಯಾಂಕ್ ಇದೆ, ಅಷ್ಟೇ. ಸೇವೆ ಸಿಗಲಿಲ್ಲ ಅಂತ ಕಾರ್ಡ್ ಕೊಟ್ಟ ಬ್ಯಾಂಕಿಗೆ ಬೇಗ ದೂರು ಕೊಟ್ಟರೆ ದುಡ್ಡು ವಾಪಸ್ ಬರುವ ಸಾಧ್ಯತೆ ಇರುತ್ತೆ. ಆ ದೂರಿಗೂ ದಿನಗಳ ಮಿತಿ ಇದೆ, ಕಂಪನಿ ಮತ್ತೆ ಹಾರುತ್ತೇನೋ ಅಂತ ಕಾಯ್ತಾ ಕೂತರೆ ಅದೂ ಮುಗಿದುಹೋಗುತ್ತೆ. ಯಾವುದಾದರೂ ಏರ್‌ಲೈನ್ಸ್ ಸಂಬಳ ತಡ ಮಾಡ್ತಿದೆ, ಎಂಜಿನ್ ವಾಪಸ್ ಕೊಡಿ ಅಂತ ಕೋರ್ಟಿನಿಂದ ಹೇಳಿಸಿಕೊಳ್ತಿದೆ ಅನ್ನೋ ಸುದ್ದಿ ಕೇಳಿದರೆ, ನಾಲ್ಕು ತಿಂಗಳ ಮುಂದಿನ ಅಗ್ಗದ ಟಿಕೆಟ್ ಅಲ್ಲಿ ತಗೋಬೇಡಿ. ತಗೊಂಡರೂ ಕಾರ್ಡಿನಲ್ಲಿ ತಗೊಳ್ಳಿ.